ಹಾರವಿಲ್ಲದ ಫೋಟೋ

ಆ ದಿನ ನಮ್ಮ ಓಣಿಗೆ ನೀರು ಬಿಡುವ ಪಾಳಿ. ಸೊಲ್ಲಾಪುರದಲ್ಲಿ ಆಗ ಬೆಳಗಾಗುವುದೆಂದರೆ ನಳದ ಬಾಯಲ್ಲಿ ಗಾಳಿ ಸುಂಯ್‌ಗುಟ್ಟುವುದು. ಆಮೇಲೆ ನಳ ಒಂದೆರಡು ಸಲ ಕೆಮ್ಮಿ, ತುಸು ಕೆಂಪು ನೀರು ಉಗುಳಿ, ನಿಧಾನವಾಗಿ ತಿಳಿಯಾಗುತ್ತಿತ್ತು. ಕೆಂಪು ನೀರನ್ನು ದಾಸವಾಳದ ಬುಡಕ್ಕೆ ಹಾಕಿದೆ. ತಿಳಿನೀರು ಮೊದಲು ಹಂಡೆಗೆ, ಆಮೇಲೆ ಬ್ಯಾರಲ್ಲಿಗೆ, ಕೊನೆಗೆ ಕೈಗೆ ಸಿಕ್ಕ ಚರಿಗೆ, ತಂಬಿಗೆ, ಚಹದ ಪಾತ್ರೆಗೂ. ಒಳಗೆ ಗ್ಯಾಸಿನ ಮೇಲೆ ಹಂಚು ಕಾದಿತ್ತು. ನಮ್ಮವರಿಗೆ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನ ಟಾವೆಲ್ ಕಾರಖಾನೆಯ ಆಫೀಸಿನಲ್ಲಿ ಕೆಲಸ. ಅವರ ಡಬ್ಬಿಗೆ ಭಕ್ಕರಿ, ಬದನೆಕಾಯಿ ಪಲ್ಯ, ಮೂಲೆಯಲ್ಲಿ ಒಂದು ಉಂಡೆ ಶೇಂಗಾ ಚಟ್ನಿ. ಹೆಣ್ಣುಮಕ್ಕಳಿಬ್ಬರಿಗೂ ಜಡೆ ಹೆಣೆದು, ರಿಬ್ಬನ್ ಕಟ್ಟಿ, ಸಾಲಿಗೆ ಕಳಿಸಿದೆ. ಸ್ಕೂಟರು ಓಣಿಯ ತಿರುವು ದಾಟಿದ ಸಪ್ಪಳ ಕೇಳಿದ ಮೇಲೆ ನನ್ನ ಕಪ್ಪಿಗೆ ಚಹ ಸೋಸಿಕೊಂಡು ಪಡಸಾಲೆಗೆ ಬಂದೆ.

ದಿನಾ ಆ ಹೊತ್ತಿಗೆ ಅತ್ತೆಯವರು ಹುರಿದ ಶೇಂಗಾವನ್ನು ಮೊರದಲ್ಲಿ ತಿಕ್ಕಿ, ಸಿಪ್ಪೆಯನ್ನು ಬಾಯಿಂದ ಊದಿ ಹಾರಿಸುತ್ತ ಕೂತಿರುತ್ತಿದ್ದರು. ಅವರ ಸುತ್ತ ನೆಲದ ಮೇಲೆ ಕೆಂಪು ಸಿಪ್ಪೆ ಹಾರಾಡುತ್ತಿತ್ತು. ಆ ದಿನ ಮೊರ ಗೋಡೆಗೇ ಒರಗಿತ್ತು. ಅತ್ತೆಯವರು ನನಗಿಂತ ಮೊದಲೇ ಸ್ನಾನ ಮುಗಿಸಿ, ಕಂದು ಅಂಚಿನ ಹಸಿರು ಸೀರೆ ಉಟ್ಟು, ಕಾಲಿಗೆ ಚಪ್ಪಲಿ ಮೆಟ್ಟಿಕೊಂಡೇ ಕುರ್ಚಿಯ ತುದಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಹಳೆಯ ತಲೆದಿಂಬಿನ ಚೀಲದಲ್ಲಿ ಸುತ್ತಿದ ಚಪ್ಪಟೆ ಗಂಟು. ಅದರ ಮೇಲೆ ಎರಡೂ ಕೈ.

“ಅತ್ತೀ, ಸ್ಟುಡಿಯೋ ತೆಗಿಯೂದು ಹತ್ತಕ್ಕ.”

“ಗೊತ್ತದ. ನಾ ಸುಮ್ನ ಕುಂತೀನಿ. ನೀ ಚಾ ಕುಡಿ.”

ಅಷ್ಟರಲ್ಲಿ ಪಕ್ಕದ ಮನೆಯ ಕಾಕು ಬಾಗಿಲಲ್ಲಿ ಕಾಣಿಸಿಕೊಂಡರು. ಮರಾಠಿ ಮನೆಯವರು. ನಲವತ್ತು ವರ್ಷ ಕನ್ನಡದವರ ಗೋಡೆಗೆ ಗೋಡೆ ಹಚ್ಚಿ ಬಾಳಿದ್ದರಿಂದ ಯಾವ ಮಾತು ಯಾವ ಭಾಷೆಯದೆಂಬ ಲೆಕ್ಕ ಅವರಿಗಿರಲಿಲ್ಲ. ಅವರಿಗೆ ಹಿಟ್ಟಿನ ಜರಡಿ ಬೇಕಾಗಿತ್ತು. ಜರಡಿ ಇಸಿದುಕೊಳ್ಳುತ್ತ ಅತ್ತೆಯವರ ಕಡೆ ಹುಬ್ಬು ಏರಿಸಿದರು.

“ಅಗ್ಗಬಾಯಿ! ಇಷ್ಟು ಸಕಾಳೀ ಚಪ್ಪಲಿ ಹಾಕ್ಕೊಂಡು ಕುಂತೀರಿ, ಕುಠೇ ನಿಘಾಲಾ?”

ಅತ್ತೆಯವರು ಗಂಟಿನ ಮೇಲೆ ಸೆರಗು ಎಳೆದರು. “ಎಲ್ಲೂ ಇಲ್ಲ. ಇಲ್ಲೇ, ಬಜಾರಕ್ಕ.”

“ಬಜಾರಕ್ಕ ಹೋಗಾಕ ತಲಿದಿಂಬ ಯಾಕ?” ಎಂದು ನಕ್ಕ ಕಾಕು ಉತ್ತರಕ್ಕೂ ಕಾಯದೆ ಹೋದರು. ಜರಡಿಯನ್ನು ಡಮರುಗದಂತೆ ಬಡಿಯುತ್ತ ಹೋದದ್ದು ಗೋಡೆಯಾಚೆಗೂ ಕೇಳಿಸಿತು.

ತಲೆದಿಂಬಿನ ಚೀಲದಲ್ಲಿ ಇದ್ದದ್ದು ಅತ್ತೆಯವರ ಅವ್ವ.

ಅತ್ತೆಯವರ ತವರು ಅಕ್ಕಲಕೋಟ. ಅವರು ಇನ್ನೂ ಕಂಕುಳಲ್ಲಿ ಕೂರುವ ಕೂಸಾಗಿದ್ದಾಗಲೇ ಅವರ ಅವ್ವ ಜ್ವರ ಬಂದು ತೀರಿಕೊಂಡರಂತೆ. ಮುಖ ನೆನಪಿಲ್ಲ. ಧ್ವನಿ ನೆನಪಿಲ್ಲ. ಆ ಅವ್ವನ ಒಂದೇ ಒಂದು ಫೋಟೋ ಉಳಿದಿತ್ತು, ಅದೂ ಗುಂಪಿನದು. ಸೋದರಮಾವನ ಮದುವೆಯಲ್ಲಿ ಮನೆಯ ಅಂಗಳದಲ್ಲಿ ತೆಗೆಸಿದ್ದು. ಮುಂದೆ ರುಮಾಲಿನ ಗಂಡಸರು, ನೆಲದ ಮೇಲೆ ಹುಡುಗರು, ಹಿಂದೆ ಸೆರಗು ಹೊದ್ದ ಹೆಂಗಸರು. ಹಿಂದಿನ ಸಾಲಿನ ಅಂಚಿನಲ್ಲಿ ಅವರ ಅವ್ವ. ಕಂಕುಳಲ್ಲಿ ಒಂದು ಕೂಸು. ಕೂಸು ಅಲುಗಾಡಿ ಅದರ ಮುಖ ಹಿಟ್ಟು ಬಳಿದಂತೆ ಮಸುಕಾಗಿತ್ತು. ಅದೇ ನಮ್ಮ ಅತ್ತೆ. ಕೂಸು ಅಲುಗಾಡಿದ್ದಕ್ಕೋ, ಬಿಸಿಲಿಗೋ, ಅವ್ವ ಆ ಒಂದು ಕ್ಷಣ ಕಣ್ಣು ಮುಚ್ಚಿಬಿಟ್ಟಿದ್ದರು.

ಕಣ್ಣು ಮುಚ್ಚಿದ ಫೋಟೋವನ್ನು ನಮ್ಮ ಕಡೆ ಯಾರೂ ಗೋಡೆಗೆ ಹಾಕುವುದಿಲ್ಲ. ಸತ್ತ ಮೇಲೆ ಕೂರಿಸಿ ತೆಗೆಸುವ ಫೋಟೋದಲ್ಲಿ ಮಾತ್ರ ಕಣ್ಣು ಹಾಗಿರುತ್ತದೆ, ನೋಡಿದವರಿಗೆ ಅದೇ ನೆನಪಾಗುತ್ತದೆ. ಹೀಗಾಗಿ ಆ ಗುಂಪಿನ ಫೋಟೋ ತವರಿನ ಅಟ್ಟದಲ್ಲಿ ಬೋರಲು ಬಿದ್ದಿತ್ತು. ಮಹಾನವಮಿ ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಹಿಡಿಯುವಾಗ ಮಾವನವರ ಫೋಟೋ, ಅವರ ತಂದೆತಾಯಿಯ ಫೋಟೋ, ಎಲ್ಲಕ್ಕೂ ಹೂವಿನ ಹಾರ ಬೀಳುತ್ತಿತ್ತು. ಅತ್ತೆಯವರ ಅವ್ವನ ಪಾಲಿಗೆ ಮಾತ್ರ ಒಂದು ತಂಬಿಗೆ, ಅದರ ಮೇಲೊಂದು ಮಡಿಸಿದ ಖಣ. ಆ ತಂಬಿಗೆಗೆ ಕೈಮುಗಿಯುವಾಗ ಅತ್ತೆಯವರು ಉಳಿದ ಫೋಟೋಗಳ ಕಡೆಗೊಮ್ಮೆ ನೋಡುತ್ತಿದ್ದುದನ್ನು ನಾನು ಮದುವೆಯಾಗಿ ಬಂದ ವರ್ಷವೇ ಗಮನಿಸಿದ್ದೆ.

ಅಮಾವಾಸ್ಯೆ ಮುಂದಿನ ವಾರವಿತ್ತು. ಈ ಸಲ ತಂಬಿಗೆಯ ಜಾಗದಲ್ಲಿ ಫೋಟೋ ಇಡಬೇಕು, ಅದಕ್ಕೊಂದು ಹಾರ ಹಾಕಬೇಕು. ಅತ್ತೆಯವರು ತವರಿನ ಅಟ್ಟದಿಂದ ಫೋಟೋ ತರಿಸಿಕೊಂಡು, ಹೂವಾಡಗಿತ್ತಿಗೂ ಆಗಲೇ ಹೇಳಿಟ್ಟಿದ್ದರು. “ಒಂದು ಹಾರ ಜಾಸ್ತಿ ಕಟ್ಟವಾ” ಎಂದಾಗ ಅವರ ಧ್ವನಿಯಲ್ಲಿ ಸಣ್ಣ ಹುಡುಗಿಯರ ಗುಟ್ಟಿತ್ತು.

ಈ ಆಸೆಗೆ ದಾರಿ ತೋರಿಸಿದವಳು ನಾನೇ. ಮಕ್ಕಳ ಫೋಟೋ ತೆಗೆಸಲು ಹೋದಾಗ ನಮ್ಮ ಪೇಟೆಯ ಸ್ಟುಡಿಯೋದಲ್ಲಿ ಕಂಪ್ಯೂಟರ್ ಬಂದಿರುವುದನ್ನು ಕಂಡೆ. ಬನಿಯನ್ ಹಾಕಿಕೊಂಡು ಕೂತಿದ್ದ ಒಬ್ಬ ಮುದುಕರ ಮೈಮೇಲೆ ಪರದೆಯಲ್ಲೇ ಕೋಟು ಬಂತು, ಟೈ ಬಂತು. ಹಿಂದಿನ ಸುಣ್ಣ ಉದುರಿದ ಗೋಡೆ ಹೋಗಿ ನೀಲಿ ಆಕಾಶ ಬಂತು. ನಾನು ಮಕ್ಕಳ ಕೈ ಹಿಡಿದುಕೊಂಡು ಬಾಯಿ ತೆರೆದು ನಿಂತಿದ್ದೆ. ಇಲ್ಲದ ಕೋಟು ಬರುವುದಾದರೆ ಮುಚ್ಚಿದ ಕಣ್ಣೂ ತೆರೆದೀತಲ್ಲ ಎಂದು ಮನೆಗೆ ಬಂದು ಅತ್ತೆಯವರಿಗೆ ಹೇಳಿದೆ. ಆಮೇಲೆ ಎರಡು ದಿನ ಎಲ್ಲದರಲ್ಲೂ ಅದೇ ಕಾಣತೊಡಗಿತು. ಅಡಿಗೆಮನೆಯ ಗೋಡೆಯ ಎಣ್ಣೆ ಕಲೆ ಒರೆಸುವಾಗ, ಹೀಗೇ ಒಂದು ಬಾಣದ ಗುರುತು ಒಯ್ದು ಒತ್ತಿದರೆ ಹೋಗಬಾರದೇ ಎನ್ನಿಸುತ್ತಿತ್ತು!

ಹತ್ತಕ್ಕೆ ಮೊದಲೇ ರಿಕ್ಷಾ ಹತ್ತಿದೆವು. ಅತ್ತೆಯವರು ಗಂಟನ್ನು ಎದೆಗವಚಿಕೊಂಡಿದ್ದರು. ಗುಂಡಿ ಬಂದಲ್ಲೆಲ್ಲ ರಿಕ್ಷಾದವನಿಗೆ, “ಸಾವಕಾಶ ಹೋಗಪಾ, ಒಳಗ ಮಂದಿ ಅದಾರ” ಎನ್ನುತ್ತಿದ್ದರು. ಅವನು ಕನ್ನಡಿಯಲ್ಲಿ ನಮ್ಮನ್ನು ನೋಡಿ ವೇಗ ತಗ್ಗಿಸಿದ.

ಸ್ಟುಡಿಯೋದ ಕಂಪ್ಯೂಟರಿಗೆ ಪ್ರತ್ಯೇಕ ಕೋಣೆ, ಕೋಣೆಗೆ ಗಾಜಿನ ಬಾಗಿಲು. ಬಾಗಿಲ ಹೊರಗೆ ಚಪ್ಪಲಿ ಬಿಡಬೇಕು. ಒಳಗೆ ಎಸಿ. ಯಂತ್ರದ ಹಣೆಗೆ ಹೋದ ವರ್ಷದ ಖಂಡೇನವಮಿಯ ಕುಂಕುಮ ಇನ್ನೂ ಅಂಟಿಕೊಂಡಿತ್ತು. ಅದರ ಮುಂದೆ ಕೂತವಳು ಸ್ಟುಡಿಯೋದವರ ಮಗಳು, ಕಾಲೇಜು ಮುಗಿಸಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಂದ ಚುರುಕು ಹುಡುಗಿ. ಕುರ್ಚಿಯ ಮೇಲೆ ಪದ್ಮಾಸನ ಹಾಕಿ ಕೂರುತ್ತಿದ್ದಳು. ನನ್ನನ್ನು ಅತ್ತಿಗೆ ಎನ್ನುವಂತೆ ವೈನಿ ಎಂದಳು, ಅತ್ತೆಯವರನ್ನು ಆಜಿ ಎಂದಳು. ಗುಂಪಿನ ಫೋಟೋ ನೋಡಿ ಸಿಳ್ಳು ಹೊಡೆಯುವುದೊಂದು ಬಾಕಿ.

“ಬಾಪರೆ! ಎಷ್ಟು ಜನ! ಇದರಾಗ ಯಾರು ಬೇಕ್ರಿ ಆಜಿ?”

ಅತ್ತೆಯವರು ಬೆರಳು ಫೋಟೋಕ್ಕೆ ತಾಗಿಸದೆ, ಕೂದಲೆಳೆಯಷ್ಟು ಮೇಲೆ ಹಿಡಿದು ತೋರಿಸಿದರು. “ಇಕಿ. ನಮ್ಮವ್ವ.”

ಸ್ಕ್ಯಾನರಿನ ಮುಚ್ಚಳದ ಸಂದಿಯಲ್ಲಿ ಬಿಳಿಯ ಬೆಳಕು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಹೋಯಿತು. “ಸುಡೂದಿಲ್ಲಲ್ಲ?” ಎಂದು ಅತ್ತೆ ಕೇಳಿದರು. ಉತ್ತರ ಬರುವ ಮೊದಲೇ ಪರದೆಯ ಮೇಲೆ ಅಕ್ಕಲಕೋಟದ ಅಂಗಳ ಮೇಲಿನಿಂದ ಕೆಳಗೆ, ಪಟ್ಟಿ ಪಟ್ಟಿಯಾಗಿ ಇಳಿಯತೊಡಗಿತು. ಮೊದಲು ಮಾವಿನೆಲೆಯ ತೋರಣ. ಆಮೇಲೆ ಹಂದರದ ಗಳ. ಆಮೇಲೆ ಹಿಂದಿನ ಸಾಲಿನ ಸೆರಗುಗಳು. ಅತ್ತೆಯವರ ಕೈ ನನ್ನ ಮಣಿಕಟ್ಟನ್ನು ಹಿಡಿದಿತ್ತು, ನನ್ನ ಬಳೆ ಅವರ ಬೆರಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು.

ಹುಡುಗಿ ಅವ್ವನ ಮುಖವನ್ನು ಹಿಗ್ಗಿಸಿದಳು. ಹಿಗ್ಗಿಸಿದಂತೆ ಮುಖವೇ ಹೋಗಿ ಬರೀ ಚೌಕಗಳಾದವು, ಬಿಳಿ, ಬೂದಿ, ಕಪ್ಪು ಚೌಕಗಳು.

“ಅಯ್ಯ, ನಮ್ಮವ್ವ ಎಲ್ಲಿ ಹೋದ್ಳು?” ಎಂದು ಅತ್ತೆ ಗಾಬರಿಯಾದರು.

ನನಗೋ ಖುಷಿ ತಡೆಯಲಾಗಲಿಲ್ಲ. ಇದು ನನಗೆ ಗೊತ್ತಿದ್ದ ಸಂಗತಿ! ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಮಗೆ ಕ್ರಾಸ್ ಸ್ಟಿಚ್ ಕಲಿಸುವಾಗ ಚೌಕಳಿ ಹಾಳೆಯ ಮೇಲೆ ಗುಲಾಬಿ ಬರೆಯಿಸುತ್ತಿದ್ದರು. ಹತ್ತಿರದಿಂದ ನೋಡಿದರೆ ಕೆಂಪು ಚೌಕ, ಹಸಿರು ಚೌಕ. ಗೋಡೆಗೆ ಆನಿಸಿ ದೂರ ಹೋದರೆ ಹೂವು. “ಅತ್ತೀ, ಇದು ಕಸೂತಿ ಇದ್ದಂಗ. ಒಂದೊಂದು ಚೌಕ ಒಂದೊಂದು ಹೊಲಿಗಿ” ಎಂದೆ. ಹುಡುಗಿ ನನ್ನ ಕಡೆ ತಿರುಗಿ, “ವೈನಿ, ಕ್ಲಾಸಿನ್ಯಾಗ ನಮ್ಮ ಸರ್ ಇಷ್ಟು ಛಲೋ ಹೇಳಲಿಲ್ಲ ನೋಡ್ರಿ” ಎಂದು ಕಣ್ಣು ಮಿಟುಕಿಸಿದಳು.

ಆಮೇಲೆ ಕೆಲಸ ಓಡಿತು. ಫೋಟೋದ ಮೇಲೆ ಬೂಷ್ಟಿನ ಚುಕ್ಕೆಗಳಿದ್ದವು, ಅವ್ವನ ಗಲ್ಲದ ಮೇಲೆ ಒಂದು ಮಡಿಕೆಯ ಗೆರೆ ಹಾದಿತ್ತು. ಹುಡುಗಿ ಮೌಸನ್ನು ಒಳ್ಳೆಯ ಗಲ್ಲದ ಮೇಲೊಮ್ಮೆ ಒತ್ತಿ, ಆಮೇಲೆ ಗೆರೆಯ ಮೇಲೆ ಒತ್ತಿದಳು. ಗೆರೆಯ ಆ ತುಣುಕು ಮಾಯ! ಇಲ್ಲಿಂದ ತೆಗೆದು ಅಲ್ಲಿ, ಅಲ್ಲಿಂದ ತೆಗೆದು ಇಲ್ಲಿ. “ಅಯ್ಯ, ಇದು ರಫು!” ಎಂದೆ ನಾನು ಜೋರಾಗಿ. ಹೊರಗೆ ಕೂತ ಗಿರಾಕಿಗಳು ಗಾಜಿನಿಂದ ಇಣುಕಿದರು. ಹರಿದ ಬಟ್ಟೆಗೆ ರಫು ಮಾಡುವಾಗ ಬೇರೆ ದಾರ ಹಾಕುವುದಿಲ್ಲ. ಅದೇ ಬಟ್ಟೆಯ ಒಳಗಿನ ಮಡಿಕೆಯಿಂದ ಒಂದು ಎಳೆ ಬಿಡಿಸಿಕೊಂಡು ಅದರಿಂದಲೇ ನೇಯಬೇಕು. ಸಿಸ್ಟರ್ ಕಲಿಸಿದ್ದು ಅದೇ, ನಮ್ಮ ಊರಿನ ರಫುಗಾರರು ಮಾಡುವುದೂ ಅದೇ.

ನಾನೂ ಒಮ್ಮೆ ಮಾಡಲೇ ಎಂದು ಕೇಳಿದೆ. ಕೇಳಿದ ಮೇಲೆ ನಾಚಿಕೆಯಾಯಿತು. ಹುಡುಗಿ ಕುರ್ಚಿ ಸರಿಸಿ ಮೌಸ್ ನನ್ನ ಕೈಗೆ ಕೊಟ್ಟಳು. ಸೆರಗಿನ ಮೇಲಿದ್ದ ಒಂದು ಬೂಷ್ಟಿನ ಚುಕ್ಕೆಯನ್ನು ನಾನೇ ಅಳಿಸಿದೆ. ಬಾಣ ಇರುವೆಯಂತೆ ನನ್ನ ಮಾತು ಕೇಳದೆ ಓಡಾಡಿತು. ಆದರೂ ಅಳಿಸಿದೆ! ಸಂತೋಷಕ್ಕೆ ನನ್ನ ಕಿವಿ ಬಿಸಿಯಾದದ್ದು ಇನ್ನೂ ನೆನಪಿದೆ.

ಸುತ್ತಲಿನವರನ್ನೆಲ್ಲ ಕತ್ತರಿಸಿ ಅವ್ವನೊಬ್ಬರನ್ನೇ ಉಳಿಸುವಾಗ ಕಂಕುಳಿನ ಕೂಸೂ ಹೋಯಿತು. ಆದರೆ ಅದರ ಕೈ ಅವ್ವನ ಭುಜದ ಮೇಲಿತ್ತು. ನಾಲ್ಕು ಸಣ್ಣ ಬೆರಳು ಮಾತ್ರ ಸೀರೆಗೆ ಅಂಟಿಕೊಂಡು ಉಳಿದವು.

“ಇದನ್ನೂ ಪುಸೂನ ಟಾಕ್ತೀನಿ” ಎಂದು ಹುಡುಗಿ ಒರೆಸಲು ಹೊರಟಳು.

“ಬ್ಯಾಡ ಬ್ಯಾಡ” ಎಂದರು ಅತ್ತೆ. “ಅದು ನಂದು. ಇರ್ಲಿ.”

ಈಗ ಕಣ್ಣಿನ ಸರದಿ. ಹುಡುಗಿ ನಡು ನೆಟ್ಟಗೆ ಮಾಡಿ ಬೆರಳು ಮುರಿದಳು. “ಆಜಿ, ಕಣ್ಣು ತೆರೀಬೇಕಂದ್ರ ಬ್ಯಾರೇದವ್ರ ಕಣ್ಣು ತಂದು ಹಚ್ಚಬೇಕು. ನನ್ನ ಕಡೆ ಸ್ಟಾಕ್ ಅದ.” ಅವಳ ಸ್ಟಾಕಿನಲ್ಲಿ ಮೊದಲು ಬಂದದ್ದು ಕ್ಯಾಲೆಂಡರಿನಿಂದ ತೆಗೆದ ಸಿನಿಮಾ ನಟಿಯೊಬ್ಬಳ ಕಣ್ಣು. ಹಚ್ಚಿದ ಕೂಡಲೇ ಅಕ್ಕಲಕೋಟದ ಆ ಸಂಕೋಚದ ಹೆಂಗಸು ಎದುರಿಗಿದ್ದವರನ್ನು ಮೋಹಿಸುವವಳಂತೆ ನೋಡತೊಡಗಿದಳು.

“ಥೂ ನಿನ್ನ!” ಅತ್ತೆಯವರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. “ನಮ್ಮಪ್ಪ ನೋಡಿದ್ರ ಮನೀ ಬಿಟ್ಟು ಓಡಿ ಹೋಗ್ತಿದ್ದ. ತಗಿ, ತಗಿ!”

ಆಮೇಲೆ ಅವಳು ಮದುವೆಯ ಫೋಟೋಗಳಿಂದ ಆರಿಸಿಟ್ಟ ಮದುಮಕ್ಕಳ ಕಣ್ಣುಗಳು. ಒಬ್ಬಳದು ಕಾಡಿಗೆ ಹೆಚ್ಚಾಯಿತು. ಒಬ್ಬಳ ಹುಬ್ಬು ಬ್ಯೂಟಿ ಪಾರ್ಲರಿನಲ್ಲಿ ಕಿತ್ತದ್ದು. ಇನ್ನೊಬ್ಬಳ ಕಣ್ಣು ಹಚ್ಚಿದಾಗ ಅವ್ವ ಯಾರ ಮೇಲೋ ಸಿಟ್ಟಾದಂತೆ ಕಂಡರು. ಪ್ರತಿ ಸಲವೂ ಪರದೆಯ ಮೇಲೆ ಒಬ್ಬ ಹೊಸ ಹೆಂಗಸು ಬಂದು ನಿಲ್ಲುತ್ತಿದ್ದಳು, ಪ್ರತಿ ಸಲವೂ ಅತ್ತೆಯವರು ಮುಂದೆ ಬಾಗಿ ನೋಡಿ ಹಿಂದೆ ಸರಿಯುತ್ತಿದ್ದರು. ನಗು ಕಡಿಮೆಯಾಗುತ್ತ ಬಂತು. ಕಡೆಗೆ ಅವರು ಮೆಲ್ಲಗೆ, “ಯಾರ್ಯಾರೋ ಬರಾಕತ್ತಾರ. ಆಕಿ ಬರವಲ್ಲಳು” ಎಂದರು. ಆ ಗಲ್ಲ, ಆ ಮೂಗು, ಆ ಬೆರಳು ಎಲ್ಲ ಎದುರಿಗೇ ಇದ್ದೂ ಅವರ ಅವ್ವ ಬರಲೊಲ್ಲರು. ಅತ್ತೆಯವರು ಫೋಟೋದ ಚೀಲವನ್ನು ಮಡಿಚತೊಡಗಿದರು. ಮಡಿಚಿದ್ದನ್ನೇ ಮತ್ತೆ ಮಡಿಚಿದರು.

ಆಗ ನನಗೆ ಆ ರಫು ಮತ್ತೆ ನೆನಪಾಯಿತು. ಎಳೆಯನ್ನು ಅದೇ ಬಟ್ಟೆಯಿಂದ ತೆಗೆಯಬೇಕಲ್ಲವೇ?

“ಅತ್ತೀ, ನಿಮ್ಮ ಸಂಚಿಯೊಳಗ ಮಾವನವರ ಜೋಡಿ ತೆಗಿಸಿದ್ದೊಂದು ಫೋಟೋ ಅದ ಅಲ್ರಿ?”

ಅತ್ತೆಯವರು ಅಡಿಕೆಸಂಚಿಯ ಹಗ್ಗ ಸಡಿಲಿಸಿದರು. ಎಲೆ, ಅಡಿಕೆ, ಸುಣ್ಣದ ಡಬ್ಬಿಯ ಹಿಂದಿನ ಅರೆಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಚಿಕ್ಕ ಫೋಟೋ. ಮದುವೆಯಾದ ಹೊಸತರಲ್ಲಿ ತೆಗೆಸಿದ್ದು. ಮಾವನವರು ಕುರ್ಚಿಯಲ್ಲಿ, ಅತ್ತೆಯವರು ಪಕ್ಕದಲ್ಲಿ ನಿಂತು, ನೇರವಾಗಿ, ಒಂಚೂರು ಹೆದರಿ, ಎರಡೂ ಕಣ್ಣು ತುಂಬಾ ತೆರೆದು ನೋಡುತ್ತಿದ್ದರು. ವಯಸ್ಸು ಹೆಚ್ಚುಕಡಿಮೆ ಅವ್ವನ ವಯಸ್ಸೇ.

ಹುಡುಗಿ ಕುರ್ಚಿಯಲ್ಲೇ ಜಿಗಿದಳು. “ಏಕದಮ್ ಬರೋಬ್ಬರ್! ವೈನಿ, ನೀವು ಮೊದಲಽ ಹೇಳಬಾರದೇನ್ರಿ?”

ಅತ್ತೆಯವರ ಕಣ್ಣು ಅವ್ವನ ಮುಖಕ್ಕೆ ಹೋಗಿ ಕೂತಿತು. ಆದರೆ ಏನೋ ಸರಿಯಿಲ್ಲ. ಒಂದು ಕಣ್ಣಿನ ಕೆಳಗೆ ನೆರಳು ಇರಬಾರದ ಕಡೆ ಇತ್ತು. ಅಂಗಳದಲ್ಲಿ ಬಿಸಿಲು ಎಡದಿಂದ ಬಿದ್ದಿತ್ತು, ಜೋಡಿ ಫೋಟೋದಲ್ಲಿ ಸ್ಟುಡಿಯೋದ ದೀಪ ಬಲದಿಂದ. ಹುಡುಗಿ ತುಟಿ ಕಚ್ಚಿ ಯೋಚಿಸಿ, “ಥಾಂಬಾ ಹಂ, ತಡೀರಿ” ಎಂದು ಆ ಕಣ್ಣುಗಳನ್ನು ಎಡಬಲ ಮಗುಚಿದಳು. ಬಲಗಣ್ಣು ಎಡಕ್ಕೆ, ಎಡಗಣ್ಣು ಬಲಕ್ಕೆ. ಅಂಚುಗಳನ್ನು ಮೆತ್ತಗೆ ಒರೆಸಿದಳು. ತುಸು ಬೂದಿ ಬಣ್ಣ ಬೆರೆಸಿದಳು. ಕೈ ತೆಗೆದಳು.

ಒಬ್ಬ ಎಳೆಯ ಹೆಂಗಸು ನಮ್ಮನ್ನು ನೋಡುತ್ತಿದ್ದಳು. ಬಿಸಿಲಿಗೆ ತುಸು ಕಿರಿದಾದಂತಿದ್ದ ಹುಬ್ಬು, ಸೆರಗಿನ ನೆರಳು, ಭುಜದ ಮೇಲೆ ನಾಲ್ಕು ಸಣ್ಣ ಬೆರಳು. ಎಷ್ಟೋ ವರ್ಷದಿಂದ ಯಾರೋ ಕೂಗುತ್ತಿದ್ದದ್ದು ಈಗ ಕೇಳಿಸಿ ಕತ್ತೆತ್ತಿದಂತೆ.

ಅತ್ತೆಯವರು ಪರದೆಯ ಹತ್ತಿರಕ್ಕೆ ಬಾಗಿದರು. ಆಮೇಲೆ, “ಇವು ನಾ ದಿನಾ ಕನ್ನಡಿಯೊಳಗ ನೋಡೂ ಕಣ್ಣು” ಎಂದರು.

ನಿಜವೇ. ಮಗುಚಿದ್ದರಿಂದ ಅವು ಫೋಟೋದ ಕಣ್ಣಾಗಿ ಉಳಿಯದೆ ಕನ್ನಡಿಯ ಕಣ್ಣಾಗಿದ್ದವು. ಹಣೆಗೆ ವಿಭೂತಿ ಹಚ್ಚಿಕೊಳ್ಳುವಾಗ ದಿನವೂ ಎದುರಾಗುವ ಕಣ್ಣು. “ಇಷ್ಟು ವರ್ಷ ಆಕಿನ್ನಽ ನೋಡ್ತಿದ್ದೆ ಅಂದಂಗಾತು” ಎಂದರು, ತಮಗೆ ತಾವೇ.

ನಾನು ಹಿಗ್ಗಿನಿಂದ, “ಅತ್ತೀ, ಅಮಾಸಿಗೆ ಇದಕ್ಕಽ ಹಾರ ಹಾಕೂಣ್ರಿ” ಎಂದೆ.

ಆ ಮಾತಿಗೆ ಅತ್ತೆಯವರ ಮುಖ ಒಮ್ಮೆಲೇ ಬದಲಾಯಿತು. ನನಗೆ ತಿಳಿಯಲು ಒಂದು ಕ್ಷಣ ಬೇಕಾಯಿತು.

“ಹಾರ?” ಎಂದರು. “ಏ ಹುಡುಗಿ, ನಾ ಇನ್ನಾ ಬದುಕೀನಿ. ನನ್ನ ಕಣ್ಣಿಗೆ ಹಾರ ಹಾಕ್ತೀರೇನ?”

ಬದುಕಿರುವವರ ಫೋಟೋಕ್ಕೆ ನಾವು ಹಾರ ಹಾಕುವುದಿಲ್ಲ. ಮಕ್ಕಳು ತಮಾಷೆಗೆ ಹಾಕಿದರೂ ಬೈದು ತೆಗೆಸುತ್ತೇವೆ. ಅವ್ವನ ಮುಖಕ್ಕೆ ಹಾರ ಹಾಕಬೇಕು, ಆದರೆ ಅದರೊಳಗಿನ ಕಣ್ಣು ಬದುಕಿರುವವರದು. ಇದು ನನಗಾಗಲೀ ಆ ಹುಡುಗಿಗಾಗಲೀ ಹೊಳೆದೇ ಇರಲಿಲ್ಲ. ಅವಳೂ ಮೌಸಿನಿಂದ ಕೈ ತೆಗೆದಳು. “ಹಾಂ, ತೇ ಪಣ ಖರಂಚ, ಅದೂ ಖರೇನಽ” ಎಂದು ಗೊಣಗಿದಳು.

ಸರಿಯಾಗಿ ಆಗಲೇ ಕರೆಂಟು ಹೋಯಿತು.

ಎಸಿ ನಿಟ್ಟುಸಿರಿಟ್ಟು ನಿಂತಿತು, ದೀಪ ಆರಿತು. ಮೇಜಿನ ಕೆಳಗಿನ ಬ್ಯಾಟರಿ ಡಬ್ಬಿ ಕೀಂ, ಕೀಂ ಎಂದು ಕೂಗತೊಡಗಿತು. ಕತ್ತಲಾದ ಆ ಕೋಣೆಯಲ್ಲಿ ಪರದೆಯೊಂದೇ ಬೆಳಕು, ಬೆಳಕಿನ ತುಂಬ ಅವ್ವನ ಮುಖ.

“ಆಜಿ, ಬ್ಯಾಟರಿ ಹಳೀದದ, ಭಾಳ ಹೊತ್ತು ಬರೂದಿಲ್ಲ!” ಹುಡುಗಿಯ ಧ್ವನಿ ಏರಿತು. “ಸೇವ್ ಮಾಡಾಕಽ ಟೈಮ್ ಹಿಡೀತದ. ಲವಕರ ಹೇಳ್ರಿ. ಇಡ್ಲೋ ಬಿಡ್ಲೋ?”

ಕೀಂ, ಕೀಂ.

ಅತ್ತೆಯವರು ಪರದೆಯನ್ನೇ ನೋಡುತ್ತಿದ್ದರು. ಆ ಬೆಳಕು ಅವರ ಕಣ್ಣಿನೊಳಗೆ ಬಿದ್ದಿತ್ತು. ನಾನು ಅತ್ತ ನೋಡಿದರೂ ಅವೇ ಕಣ್ಣು, ಇತ್ತ ನೋಡಿದರೂ ಅವೇ. ಒಂದರ ಸುತ್ತ ಸುಕ್ಕು, ಒಂದರ ಸುತ್ತ ಇಲ್ಲ. ಅವರ ಹಾರದ ಆಸೆ ಎಷ್ಟು ಹಳೆಯದೆಂದು ನನಗೆ ಗೊತ್ತಿತ್ತು.

ಕೀಂ ಕೀಂ ಕೀಂ. ಡಬ್ಬಿ ಅವಸರ ಮಾಡಿತು.

“ಇಡು!” ಎಂದರು ಅತ್ತೆ. “ಇಡವಾ ತಂಗಿ, ಲಗೂನ ಇಡು. ಹಾರ ಬ್ಯಾಡ, ಏನೂ ಬ್ಯಾಡ. ಮತ್ತೊಮ್ಮೆ ಕಣ್ಣ ಮುಚ್ಚಗೊಡಬ್ಯಾಡ ಆಕೀನ್ನ.”

ಹುಡುಗಿ ಕೀಲಿ ಒತ್ತಿದಳು. ಪರದೆಯ ಮೇಲೆ ಒಂದು ನೀಲಿ ಪಟ್ಟಿ ಎಡದಿಂದ ಬಲಕ್ಕೆ ತೆವಳತೊಡಗಿತು. ನಾವು ಮೂವರೂ ಆ ಪಟ್ಟಿಯನ್ನೇ ನೋಡಿದೆವು. ಕಾಲು ಭಾಗ. ಅರ್ಧ. ಅತ್ತೆಯವರು “ಬಾ, ಬಾ, ಬಾ” ಎನ್ನುತ್ತಿದ್ದರು, ಹೆಜ್ಜೆ ಕಲಿಯುವ ಕೂಸನ್ನು ಕರೆದಂತೆ. ಪಟ್ಟಿ ಅಂಚು ಮುಟ್ಟಿತು. ಹುಡುಗಿ “ಝಾಲಂ!” ಎಂದು ಚಪ್ಪಾಳೆ ತಟ್ಟಿದಳು. ತಟ್ಟಿದ ಸ್ವಲ್ಪ ಹೊತ್ತಿಗೆ ಪರದೆ ಕಣ್ಣು ಮುಚ್ಚಿತು. ಕತ್ತಲಲ್ಲಿ ಮೂವರೂ ಸುಮ್ಮಸುಮ್ಮನೆ ನಗುತ್ತಿದ್ದೆವು.

ಕರೆಂಟು ಬರುವತನಕ ಹೊರಗಿನ ಬೆಂಚಿನ ಮೇಲೆ ಕೂತು ಚಹ ಕುಡಿದೆವು. ಬಂದ ಮೇಲೆ ಪ್ರಿಂಟರು ಕಿರ್ರ್ ಕಿರ್ರ್ ಎಂದು ಅತ್ತಿತ್ತ ಓಡಾಡಿ, ಮಗ್ಗದ ಲಾಳಿಯಂತೆ, ಒಂದೊಂದೇ ಗೆರೆ ನೇಯ್ದು ಅವ್ವನನ್ನು ಹೊರಗೆ ತಂದಿತು. ಅತ್ತೆಯವರು ಕೈ ಚಾಚಿದರು. “ಹಸೀ ಅದ, ಮುಟ್ಟಬ್ಯಾಡ್ರಿ ಆಜಿ” ಎಂದು ಹುಡುಗಿ ಕಾಗದವನ್ನು ಮೇಲೆತ್ತಿ ಹಿಡಿದಳು. ಅದು ಒಣಗುವವರೆಗೆ ಅತ್ತೆಯವರು ಫ್ಯಾನಿನ ಕೆಳಗೆ ಅದರ ಪಕ್ಕದಲ್ಲೇ ನಿಂತರು. ಅದೇ ಸಾಲಿನ ಅಂಗಡಿಯಲ್ಲಿ ಚೌಕಟ್ಟು ಹಾಕಿಸಿದೆವು. ಮರಳುವ ರಿಕ್ಷಾದಲ್ಲಿ ಗುಂಡಿಗಳ ಬಗ್ಗೆ ಅವರು ಏನೂ ಹೇಳಲಿಲ್ಲ. ಅವರು ಹೊರಗೆ ನೋಡಲೇ ಇಲ್ಲ.

ಸಂಜೆ ನಮ್ಮವರು ಬಂದು ಮೊಳೆ ಹೊಡೆದರು. ದೇವರ ಕೋಣೆಯಲ್ಲಿ, ಹಿರಿಯರ ಸಾಲಿನಲ್ಲಿ ಹೊಡೆಯಲು ಹೊರಟವರನ್ನು ಅತ್ತೆಯವರು ತಡೆದು ಪಡಸಾಲೆಗೆ ಕರೆತಂದರು. ತಮ್ಮ ಮಂಚದ ಎದುರಿನ ಗೋಡೆ. “ಇನ್ನ ಕೆಳಗ. ಇನ್ನಾ ಕೆಳಗ. ನಾ ಕುಂತ್ರ ನನಗ ಎದುರಾಗಬೇಕು.”

“ಇಷ್ಟು ಕೆಳಗ ಯಾರ್ ಫೋಟೋ ಹಾಕ್ತಾರವ್ವ?” ಎಂದು ನಮ್ಮವರು ರೇಗಿಸಿದರು. “ಕಣ್ಣು ನಿಂದು, ಮೂಗು ಆಯೀದು. ನಾ ತಡಾ ಮಾಡಿ ಬಂದ್ರ ಬೈಯಾವ್ರು ಯಾರಂತ ತಿಳೀಬೇಕು ನನಗ?”

“ಇಬ್ಬರೂ ಬೈತೀವಿ. ನೀ ಮೊಳಿ ಹೊಡಿ.”

“ಅಮಾಸಿ ದಿನ ಏನ ಮಾಡ್ತೀ? ಹಾರ?”

“ಎಡಿ ಮುಂದ ತಂಬಿಗಿ ಇಡ್ತೀನಿ, ಹೋದ ವರ್ಷದಂಗ. ಹಾರ ತಂಬಿಗಿಗೆ ಬೀಳ್ತದ. ಆಕಿ ಮಾತ್ರ ಇಲ್ಲೇ ಇರ್ತಾಳ.” ಅತ್ತೆಯವರು ಮಂಚದ ಮೇಲೆ ಕೂತು ಮೊರ ಎಳೆದುಕೊಂಡರು. ಬೆಳಗಿನ ಶೇಂಗಾ ಹಾಗೇ ಇತ್ತು. ತಿಕ್ಕಿ, ಊದಿದರು. ಸಿಪ್ಪೆ ಹಾರಿ ಗೋಡೆಯವರೆಗೂ ಹೋಯಿತು. ಮಕ್ಕಳು ಫೋಟೋದ ಮುಂದೆ ಮಂಡಿಯೂರಿ ಭುಜದ ಮೇಲಿನ ಬೆರಳು ಎಣಿಸುತ್ತಿದ್ದರು. ನಾನು ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದರೂ ಕಾಲು ನಿಲ್ಲುತ್ತಿರಲಿಲ್ಲ. ನಡುನಡುವೆ ಬಾಗಿಲಿಗೆ ಬಂದು ಇಣುಕಿ ಹೋಗುತ್ತಿದ್ದೆ. ಸೆರಗಿನ ಅಂಚಿನ ಆ ಒಂದು ಜಾಗ, ನಾನು ರಫು ಮಾಡಿದ್ದು, ಎಷ್ಟು ನೋಡಿದರೂ ಗೊತ್ತಾಗುತ್ತಿರಲಿಲ್ಲ!

ದೀಪ ಹಚ್ಚುವ ಹೊತ್ತಿಗೆ ಕಾಕು ಜರಡಿ ಮರಳಿಸಲು ಬಂದರು. ಒಳಗೆ ಬರುವಷ್ಟು ಪುರಸೊತ್ತಿರಲಿಲ್ಲ ಅವರಿಗೆ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದರಂತೆ. ಹೊಸ್ತಿಲಲ್ಲೇ ನಿಂತು ಜರಡಿ ಚಾಚಿದರು. ಚಾಚುವಾಗ ಎದುರಿನ ಗೋಡೆಯ ಮೇಲೆ ಕಣ್ಣು ಬಿತ್ತು. ಹೊಸ ಚೌಕಟ್ಟು, ಹಾರವಿಲ್ಲ, ಕುಂಕುಮವಿಲ್ಲ, ಮುಂದೆ ಊದುಬತ್ತಿಯಿಲ್ಲ. ಅತ್ತೆಯವರ ಕೈ ಮೊರದ ಮೇಲೆ ನಿಂತಿತು.

“ಹೀ ಕೋಣ ಹೋ, ನಿಮ್ಮ ತಂಗೀ ಏನು? ಅಗದೀ ನಿಮ್ಮಂಗಽ ಕಾಣ್ತಾಳ” ಎಂದರು ಕಾಕು, ಆಗಲೇ ಅರ್ಧ ತಿರುಗಿ. “ಸೊಲಾಪೂರಕ್ಕ ಬಂದಾಗ ನಮ್ಮನಿಗೂ ಕರಕೊಂಡು ಬರ್ರಿ, ಚಹಾ ಕುಡದು ಹೋಗ್ಲಿ.”